ಗುಂಯ್ ಮೇಸ್ತ್ರಿಯ ಎರಡು ಪೆಟ್ಟಿಗೆಗಳು

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಆತನ ಕಸುಬು. ಮೂವತ್ತೆಂಟು ವರ್ಷಗಳಿಂದ ಅದೇ ಬೀದಿ, ಅದೇ ಅಂಗಡಿ, ಕೂತು ಕೂತು ನುಣುಪಾದ ಅದೇ ಮರದ ಸ್ಟೂಲು. ಅಂಗಡಿಯೆಂದರೆ ಒಂದೇ ಕೋಣೆ. ಒಂದು ಗೋಡೆಗೆ ತಾಮ್ರದ ತಂತಿಯ ಉರುಳೆಗಳು, ಎದುರು ಗೋಡೆಗೆ ಒರಗಿದ ನೀರಿನ ಪಂಪುಗಳು, ನಡುವೆ ವಾರ್ನಿಷಿನ ಘಾಟು. ಯಾರಾದರೂ ಕೆಟ್ಟ ಮೋಟಾರು ಹೊತ್ತು ತಂದರೆ ಆತ ಕೂಡಲೇ ಬಿಚ್ಚುತ್ತಿರಲಿಲ್ಲ. ಕರೆಂಟು ಕೊಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೂ ಹಿಡಿಯನ್ನು ತನ್ನ ಕಿವಿಗೂ ಇಟ್ಟು, ಒಳಗಿನ ಗುಂಯ್ ಸದ್ದನ್ನು ಆಲಿಸುತ್ತ ಕಣ್ಣು ಮುಚ್ಚುತ್ತಿದ್ದ. ಅರ್ಧ ನಿಮಿಷದ ಮೇಲೆ ಕಣ್ಣು ತೆರೆದು, "ಹಿಂದಿನ ಬೇರಿಂಗ್ ಹೋಗಿದೆ, ವೈಂಡಿಂಗ್ ಚೆನ್ನಾಗಿದೆ. ಸುಮ್ನೆ ಹೆದರ್ಕೊಂಡಿದ್ದೀರಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಅದರಿಂದಾಗಿ ಬೀದಿಯವರು ಆತನಿಗೆ ಗುಂಯ್ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು.

ಮೋಟಾರಿನ ಮೇಲೆ ಗೋಣಿಯನ್ನೋ ಹಳೆಯ ಸೀರೆಯನ್ನೋ ಹೊದಿಸಿ ಸುಟ್ಟುಕೊಂಡು ಬಂದವರನ್ನು ಕಂಡರೆ ಮಾತ್ರ ಮೇಸ್ತ್ರಿಗೆ ರೇಗುತ್ತಿತ್ತು. "ಮೋಟಾರಿಗೂ ಮೂಗಿದೆ ಕಣ್ರೀ! ನಿಮ್ಮ ಮೂಗಿಗೆ ಹೀಗೆ ಗೋಣಿ ಕಟ್ಟಿದ್ರೆ ಸುಮ್ನಿರ್ತೀರಾ?" ಎಂದು ಅಂಗಡಿ ತುಂಬ ಕೇಳುವಂತೆ ಬೈಯುತ್ತಿದ್ದ. ಬೈದ ಮೇಲೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದನಾದ್ದರಿಂದ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ದಿನವಿಡೀ ಗುಂಯ್ ಎನ್ನುವ ಸದ್ದಿನಲ್ಲೇ ಇರುವವನಿಗೆ ಮನೆಯಲ್ಲಿ ಬೇಕಾಗಿದ್ದುದು ಹಾಡು. ಬರಿಯ ಹಾಡಲ್ಲ, ಹಿಂದೆ ಮುಂದೆ ಬೇರೆ ಯಾವ ಸದ್ದೂ ಇಲ್ಲದ ಹಾಡು. ಆ ಹುಚ್ಚು ಹಿಡಿದದ್ದು ಐವತ್ತರ ಮೇಲೆ. ಯಾವುದೋ ಕಚೇರಿಯವರು ಬೇಡವೆಂದು ಮೂಲೆಗೆ ಎಸೆದಿದ್ದ ಕಂಪ್ಯೂಟರನ್ನು ಕೇಳಿ ತಂದ. ತಾನು ಕೂಡಿಟ್ಟಿದ್ದ ಮುನ್ನೂರು ಚಿಲ್ಲರೆ ಡಿಸ್ಕುಗಳನ್ನು ಒಂದೊಂದಾಗಿ ಅದಕ್ಕೆ ಊಡಿಸಿ ಹಾಡುಗಳನ್ನೆಲ್ಲ ಅದರೊಳಗೆ ತುಂಬಿದ. ಅಷ್ಟಾದ ಮೇಲೆ ಕೇಳಿದರೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಪುಟ್ಟ ಫ್ಯಾನು ಹಾಡಿನ ಜೊತೆ ತಾನೂ ಗೊಣಗುತ್ತಿತ್ತು. ಮೇಸ್ತ್ರಿ ಫ್ಯಾನನ್ನೇ ಕಿತ್ತುಹಾಕಿ, ಅದರ ಜಾಗಕ್ಕೆ ಅಂಗಡಿಯಲ್ಲಿ ಕೈಯಾರೆ ಕೊಯ್ದ ತಾಮ್ರದ ರೆಕ್ಕೆಗಳನ್ನು ಕೂರಿಸಿದ. ಕಾವೆಲ್ಲ ರೆಕ್ಕೆಗಳಿಗೆ ಹರಿದು ತಾನಾಗಿ ಆರತೊಡಗಿತು. ಕಂಪ್ಯೂಟರು ಮೂಕವಾಯಿತು.

ಅನಂತರ ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿ ಮಾರ್ಪಡಿಸುವ ಅಂಗೈಯಗಲದ ಪೆಟ್ಟಿಗೆಯೊಂದು ಬಂತು. ಅದರ ಕರೆಂಟಿನಲ್ಲಿ ಕಸವಿದೆಯೆಂದು ಮೇಸ್ತ್ರಿ ತಾನೇ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿದ. ಕೊನೆಗೆ ಕಂಪ್ಯೂಟರಿನೊಳಗೆ ಹಾಡನ್ನು ತಿದ್ದುವ, ಏರಿಸುವ, ಇಳಿಸುವ, ಬೆರೆಸುವ ಏನೇನು ಸೌಲಭ್ಯಗಳಿದ್ದವೋ ಅವೆಲ್ಲವನ್ನೂ ಹುಡುಕಿ ಹುಡುಕಿ ಮುಚ್ಚಿದ. ಡಿಸ್ಕಿನಲ್ಲಿ ಯಾವ ಅಂಕಿ ಇತ್ತೋ ಅದೇ ಅಂಕಿ ಸ್ಪೀಕರಿನವರೆಗೆ ಬರಬೇಕು ಎಂಬುದು ಆತನ ವ್ರತ.

"ಒಂದು ಅಂಕಿ ಆಚೀಚೆ ಆದ್ರೂ ಅದು ಹಾಡಿದವನ ಹಾಡಲ್ಲ ಕಣೇ, ಕಂಪ್ಯೂಟರಿನ ಹಾಡು" ಎಂದು ಹೆಂಡತಿಗೆ ವಿವರಿಸಿದ.

"ನಿಮಗೆ ಬೇಕಾಗಿರೋದು ಹಾಡಾ, ಹಾಡಿನ ಹಿಂದಿನ ನಿಶ್ಶಬ್ದಾನಾ?" ಎಂದು ಆಕೆ ಕೇಳಿದಳು. "ನಿಶ್ಶಬ್ದ ಆದ್ರೆ, ಸ್ವಿಚ್ ಆರಿಸಿದ್ರೆ ಆಯ್ತಲ್ಲ. ಎರಡು ವರ್ಷ ಒದ್ದಾಡ್ಬೇಕಿತ್ತಾ?"

ಹಾಗೆಂದರೂ ಭಾನುವಾರ ಮಧ್ಯಾಹ್ನ ಆತ ಮುಂದಿನ ಕೋಣೆಯ ಕಿಟಕಿ ಮುಚ್ಚಿ ಕುರ್ಚಿಯಲ್ಲಿ ಕುಳಿತನೆಂದರೆ ಆಕೆ ಪಾತ್ರೆ ತೊಳೆಯುವುದನ್ನು ಮುಂದಕ್ಕೆ ಹಾಕುತ್ತಿದ್ದಳು. ಕೊಳಲು ನುಡಿಸುವವನು ಉಸಿರೆಳೆದುಕೊಳ್ಳುವುದು ಕೂಡ ಕೇಳಿಸುವಷ್ಟು ತಿಳಿಯಾದ ಸದ್ದು. ಮೇಸ್ತ್ರಿ ಎರಡು ತಿಂಗಳು ಅದನ್ನು ಮನಸಾರೆ ಅನುಭವಿಸಿದ.

ಮೂರನೆಯ ತಿಂಗಳು ಅಕ್ಕ ಬಂದಳು.

ಅಕ್ಕನೆಂದರೆ ಮೇಸ್ತ್ರಿಗೆ ತಾಯಿಯೂ ಹೌದು. ಆತನಿಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಹದಿನಾರರ ಅಕ್ಕ ನೂಲಿನ ಗಿರಣಿಗೆ ಸೇರಿ ತಮ್ಮನನ್ನು ಸಾಕಿದಳು. ಸಂಜೆ ಅವಳು ತಲೆಗೂದಲಿನಲ್ಲಿ ಹತ್ತಿಯ ಎಳೆಗಳನ್ನು ಮೆತ್ತಿಕೊಂಡು ಮನೆಗೆ ಬಂದು ಮೊದಲು ಮಾಡುತ್ತಿದ್ದ ಕೆಲಸ ರೇಡಿಯೋ ಹಾಕುವುದು. ಆ ರೇಡಿಯೋದಲ್ಲಿ ಅರ್ಧ ಹಾಡು, ಅರ್ಧ ಗೊರಗೊರ. "ಅಕ್ಕಾ, ಬರೀ ಗೊರಗೊರ ಅನ್ನುತ್ತೆ" ಎಂದು ತಮ್ಮ ರಾಗ ತೆಗೆದರೆ, "ಅದರ ಹಿಂದೆ ಹಾಡಿದೆ ನೋಡು, ಅದನ್ನ ಕೇಳು" ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಹತ್ತಿಯ ಧೂಳು ಕುಡಿದ ಶ್ವಾಸಕೋಶ ಈಗ ಮುಷ್ಕರ ಹೂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಗಲೂ ರಾತ್ರಿಯೂ ಮೂಗಿಗೆ ಆಮ್ಲಜನಕದ ನಳಿಕೆ ಇರಬೇಕೆಂದು ವೈದ್ಯರು ಹೇಳಿದ್ದರು. ಮೇಸ್ತ್ರಿ ಎರಡನೆಯ ಮಾತಿಲ್ಲದೆ ಅಕ್ಕನನ್ನು ಕುರ್ಚಿಸಮೇತ ಎತ್ತಿ ತಂದು ಮಹಡಿಯ ಗಾಳಿ ಬೆಳಕಿನ ಕೋಣೆಯಲ್ಲಿ ಇಳಿಸಿದ. ಜೊತೆಗೆ ಅಕ್ಕನ ಯಂತ್ರವೂ ಬಂತು.

ಯಂತ್ರವೆಂದರೆ ಮೊಣಕಾಲೆತ್ತರದ, ಗಾಲಿಗಳಿರುವ ಒಂದು ಪೆಟ್ಟಿಗೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ನಳಿಕೆಗೆ ಬಿಡುತ್ತದೆ. ಒಳಗೊಂದು ಮೋಟಾರು. ಅದು ಬಿಡುವಿಲ್ಲದೆ ಗುಂಯ್ ಎನ್ನುತ್ತದೆ. ಹತ್ತು ಸೆಕೆಂಡಿಗೊಮ್ಮೆ ಫುಸ್ಸ್ ಎಂದು ನಿಟ್ಟುಸಿರು ಬಿಡುತ್ತದೆ. ಮಹಡಿಯ ಕೋಣೆ ಇದ್ದದ್ದು ಮುಂದಿನ ಕೋಣೆಯ ನೆತ್ತಿಯ ಮೇಲೆ.

ಮೊದಲ ಭಾನುವಾರ ಕೊಳಲಿನವನು ಉಸಿರೆಳೆದುಕೊಳ್ಳುವ ಜಾಗದಲ್ಲಿ ಫುಸ್ಸ್ ಎಂದಿತು. ಮೇಸ್ತ್ರಿ ಕಣ್ಣು ತೆರೆದು ಸೂರು ನೋಡಿದ. ಮತ್ತೆ ಕಣ್ಣು ಮುಚ್ಚಿದ. ಗುಂಯ್. ತಾನು ಎರಡು ವರ್ಷ ತಪಸ್ಸು ಮಾಡಿ ಓಡಿಸಿದ್ದ ಸದ್ದು ಸೂರಿನಿಂದ ಇಳಿದು ಬಂದಿತ್ತು. ಅಕ್ಕನ ಉಸಿರಿನ ಸದ್ದಿಗೆ ಬೇಸರಪಡುವ ತಾನು ಎಂಥ ಮನುಷ್ಯನೆಂದು ಆತನಿಗೆ ನಾಚಿಕೆಯೂ ಆಯಿತು. ನಾಚಿಕೆಯಾದ ಮಾತ್ರಕ್ಕೆ ಕಿವಿ ಕೇಳುವುದನ್ನು ನಿಲ್ಲಿಸುತ್ತದೆಯೇ?

"ಹೆಡ್‌ಫೋನ್ ಹಾಕ್ಕೊಳ್ಳಿ" ಎಂದಳು ಹೆಂಡತಿ.

"ಅದ್ರಲ್ಲಿ ಹಾಡು ತಲೆಯೊಳಗೆ ಕೂತಿರುತ್ತೆ. ನಂಗೆ ಎದುರಿಗೆ ಕೂತಿರ್ಬೇಕು."

"ಹಾಗಾದ್ರೆ ಅತ್ತಿಗೇನ ಉಸಿರಾಡ್ಬೇಡಿ ಅಂತ ಹೇಳ್ಲಾ?"

ಮೇಸ್ತ್ರಿಯ ಮುಖ ಸಪ್ಪಗಾಯಿತು. ಆಕೆ ತಮಾಷೆಗೆ ಅಂದದ್ದು ಆತನಿಗೆ ಎಲ್ಲೋ ಚುಚ್ಚಿತು.

ಆ ವಾರವೆಲ್ಲ ಆತ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಮಾಡಿದ. ಯಂತ್ರವನ್ನು ಮೇಲಿನಿಂದ ಮುಚ್ಚುವಂಥ, ತಳವಿಲ್ಲದ ಮರದ ಪೆಟ್ಟಿಗೆ. ಒಳಮೈಗೆ ಸದ್ದು ಹೀರುವ ದಪ್ಪನೆಯ ಉಣ್ಣೆಯ ಹಾಸು. ಗಾಳಿ ಬರಲು ಮುಂದೊಂದು ಕಿಂಡಿ, ಹೋಗಲು ಹಿಂದೊಂದು ಕಿಂಡಿ. ಸದ್ದು ನೇರವಾಗಿ ಹೊರಬರದಂತೆ ಎರಡು ಕಿಂಡಿಗಳಿಗೂ ಒಳಗೆ ಅಂಕುಡೊಂಕಾದ ದಾರಿ. ಮೂಲೆಗಳಿಗೆ ಮೊಳೆಯಿಲ್ಲ, ಕೀಲು. ಹೊರಮೈಗೆ ಪಾಲಿಶು. ಮೋಟಾರಿಗೆಷ್ಟು ಗಾಳಿ ಬೇಕೆಂಬುದು ಆತನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಎರಡು ದಿನ ಗಂಟೆಗೊಮ್ಮೆ ಮಹಡಿ ಹತ್ತಿ ಯಂತ್ರದ ಮೈ ಮುಟ್ಟಿ ನೋಡಿದ. ಬೆಚ್ಚಗಿತ್ತು, ಅಷ್ಟೆ.

"ಇದೇನೋ ಇದು, ನನ್ನ ಮಷಿನ್‌ಗೆ ಮನೆ ಕಟ್ಟಿದ್ದೀಯ?" ಎಂದಳು ಅಕ್ಕ.

"ನಿಂಗೆ ನೆಮ್ಮದಿಯಾಗಿ ನಿದ್ದೆ ಬರ್ಲಿ ಅಂತ ಅಕ್ಕ. ಇಷ್ಟು ಹತ್ತಿರದಲ್ಲಿ ಗುಂಯ್ ಅಂತಿದ್ರೆ ಹೇಗೆ ನಿದ್ದೆ ಬರುತ್ತೆ?"

ಅಕ್ಕ ಪೆಟ್ಟಿಗೆಯ ಕೀಲುಗಳ ಮೇಲೆ ಬೆರಳಾಡಿಸಿದಳು. ತಮ್ಮನ ಮುಖ ನೋಡಿದಳು. "ಚೆನ್ನಾಗಿದೆ ಬಿಡು" ಎಂದಷ್ಟೇ ಹೇಳಿದಳು.

ಪೆಟ್ಟಿಗೆಯಿಂದ ಸದ್ದು ಮುಕ್ಕಾಲುಪಾಲು ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ತೃಪ್ತರಾಗುತ್ತಿದ್ದರು. ಗುಂಯ್ ಮೇಸ್ತ್ರಿಯ ಕಿವಿ ಉಳಿದ ಕಾಲುಪಾಲನ್ನು ಬೆನ್ನಟ್ಟಿತು. ಹಾಡಿನ ನಡುವಿನ ನಿಲುಗಡೆಗಳಲ್ಲಿ, ತಂತಿ ಮೀಟಿ ಬಿಟ್ಟ ಮೇಲಿನ ಇಳಿತದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ ಗುಂಯ್ ಇದ್ದೇ ಇತ್ತು. ಅದು ಬರುತ್ತಿದ್ದುದು ಹಿಂದಿನ ಕಿಂಡಿಯಿಂದ ಎಂದು ಆತ ಪತ್ತೆ ಮಾಡಿದ. ಒಂದು ಭಾನುವಾರ ಬೆಳಗ್ಗೆ ಅಕ್ಕ ಮುಖ ತೊಳೆಯಲು ಹೋದಾಗ ಮಹಡಿ ಹತ್ತಿ, ಹಿಂದಿನ ಕಿಂಡಿಯೊಳಗೆ ಉಣ್ಣೆಯ ಇನ್ನೊಂದು ಪದರ ತುರುಕಿದ. ಗಾಳಿ ಹೋಗಲು ಎರಡು ಬೆರಳಷ್ಟು ಸಂದಿ ಉಳಿದಿತ್ತು. ಸಾಕು ಎಂದುಕೊಂಡ. ಗಿರಾಕಿ ಯಾರಾದರೂ ಹಾಗೆ ಮಾಡಿ ಬಂದಿದ್ದರೆ ಆತ ಏನೆಂದು ಬೈಯುತ್ತಿದ್ದನೋ ಆ ಮಾತು ಆ ಹೊತ್ತಿಗೆ ಆತನ ನಾಲಗೆಗೆ ಬರಲಿಲ್ಲ.

ಅಂದು ಬಿಸಿಲು ಜೋರಾಗಿತ್ತು. ಊಟವಾದ ಮೇಲೆ ಅಕ್ಕ ಮಲಗಿದಳು. ಹೆಂಡತಿ ಅಕ್ಕನ ಮಾತ್ರೆಗಳನ್ನು ತರಲು ಔಷಧದ ಅಂಗಡಿಗೆ ಹೋದಳು. ಮೇಸ್ತ್ರಿ ಕಿಟಕಿ ಮುಚ್ಚಿ, ಕುರ್ಚಿಯಲ್ಲಿ ಕುಳಿತು, ಆ ಕೊಳಲನ್ನೇ ಹಾಕಿದ.

ಗುಂಯ್ ಇನ್ನೂ ಇತ್ತು, ಆದರೆ ಹುಡುಕಿದರೆ ಮಾತ್ರ ಸಿಗುವಷ್ಟು. ಆತ ಹುಡುಕಲಿಲ್ಲ. ಕೊಳಲು ಮೆಲ್ಲಗೆ ಮೇಲೇರಿತು, ತುದಿಯಲ್ಲಿ ತೂಗಾಡಿತು, ಇಳಿಯಿತು. ನುಡಿಸುವವನ ಬೆರಳು ಕೊಳಲಿನ ರಂಧ್ರವನ್ನು ಬಿಟ್ಟೇಳುವ ಪುಟ್ಟ ಸದ್ದೂ ಕೇಳಿಸಿತು. ಎಷ್ಟು ಹೊತ್ತಾಯಿತೋ! ಒಂದು ದೀರ್ಘವಾದ ನಿಲುಗಡೆಯಲ್ಲಿ ಪೂರ್ತಿ ಕೋಣೆಯೇ ತೊಳೆದಿಟ್ಟಂತಾಯಿತು. ಏನೂ ಇಲ್ಲ. ಎಳ್ಳಷ್ಟೂ ಇಲ್ಲ. ಆತನ ಕಣ್ಣಿನಲ್ಲಿ ನೀರು ಬಂತು. ಎರಡು ವರ್ಷ ಬೇಡಿಕೊಂಡಿದ್ದು ಇದನ್ನೇ.

ಕೊಳಲು ಮತ್ತೆ ಆರಂಭವಾಯಿತು. ಮತ್ತೆ ನಿಂತಿತು. ಆ ಎರಡನೆಯ ನಿಲುಗಡೆಯಲ್ಲಿ ಮೇಸ್ತ್ರಿ, ಅಭ್ಯಾಸಬಲದಿಂದ, ಫುಸ್ಸ್ ಎನ್ನುವುದಕ್ಕಾಗಿ ಕಾದ. ಹತ್ತು ಸೆಕೆಂಡು. ಇಪ್ಪತ್ತು. ಫುಸ್ಸ್ ಬರಲಿಲ್ಲ.

ಹೊದಿಸಿದ ಸದ್ದು ಒಂದು ಬಗೆ, ನಿಂತ ಸದ್ದು ಇನ್ನೊಂದು ಬಗೆ. ಮೂವತ್ತೆಂಟು ವರ್ಷ ಮೋಟಾರುಗಳ ಎದೆಗೆ ಕಿವಿಯಿಟ್ಟವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆತ ಕುರ್ಚಿಯನ್ನು ಹಿಂದಕ್ಕೆ ಕೆಡವಿಕೊಂಡು ಎದ್ದ. ಎರಡೆರಡು ಮೆಟ್ಟಿಲು ಹಾರಿದ.

ಮಹಡಿಯ ಬಾಗಿಲು ತೆರೆದರೆ ಸುಟ್ಟ ಉಣ್ಣೆಯ ಕಮಟು. ಪೆಟ್ಟಿಗೆಯೊಳಗಿಂದ, ದಿಂಬಿನಡಿ ಸಿಕ್ಕಿಕೊಂಡ ಮರಿಹಕ್ಕಿಯಂತೆ, ಕೀಂ ಕೀಂ ಎಂದು ಯಂತ್ರದ ಎಚ್ಚರಿಕೆಯ ಗಂಟೆ ಕೂಗುತ್ತಿತ್ತು. ಕೆಳಗಿನವರೆಗೂ ಕೇಳಬೇಕಾದ ಗಂಟೆ ಅದು. ಮೇಸ್ತ್ರಿಯ ಉಣ್ಣೆ ಅದನ್ನೂ ನುಂಗಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ತುಟಿಗಳು ನೀಲಿಗಟ್ಟಿದ್ದವು.

"ಅಕ್ಕಾ! ಅಕ್ಕಾ!"

ಅಕ್ಕ ಹೂಂ ಎಂದಳೋ ಇಲ್ಲವೋ. ಮೂಲೆಯಲ್ಲಿ ಕರೆಂಟು ಹೋದಾಗಿನ ಬಳಕೆಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರು ಇತ್ತು. ಅದರ ಚಾವಿ ತಿರುಗಿಸುವುದನ್ನು ಯಂತ್ರ ತಂದವರು ಮೂರು ಸಲ ತೋರಿಸಿಕೊಟ್ಟಿದ್ದರು. ಕೂದಲೆಳೆಯ ತಂತಿಯನ್ನು ತಪ್ಪದೆ ಸುತ್ತುವ ಆ ಕೈಗಳಿಂದ ಚಾವಿ ಎರಡು ಸಲ ನೆಲಕ್ಕೆ ಬಿತ್ತು. ಮೂರನೆಯ ಸಲ ಸಿಲಿಂಡರು ಸುಯ್ ಎಂದಿತು. ನಳಿಕೆ ಬದಲಿಸಿ, ಅಕ್ಕನನ್ನು ಎತ್ತಿ ಕೂರಿಸಿ, ಬೆನ್ನಿಗೆ ತನ್ನ ಎದೆ ಕೊಟ್ಟು ಕುಳಿತ. ಒಂದೊಂದೇ ಉಸಿರು ಎಣಿಸಿದ. ಅರುವತ್ತನೆಯದೋ ಎಪ್ಪತ್ತನೆಯದೋ ಉಸಿರಿಗೆ ಅಕ್ಕನ ತುಟಿಗೆ ಬಣ್ಣ ಬಂತು. ಕಣ್ಣು ತೆರೆದಳು.

"ಯಾಕೋ ಹೀಗೆ ಬೆವರ್ತಿದ್ದೀಯ?" ಎಂದಳು.

ಹೆಂಡತಿ ಬಂದು ನೋಡುವಾಗ ಪಾಲಿಶಿನ ಪೆಟ್ಟಿಗೆ ಮಹಡಿಯ ಮೆಟ್ಟಿಲ ಕೆಳಗೆ ಕೀಲು ಕಳಚಿ ಬಿದ್ದಿತ್ತು. ಅಕ್ಕ ದಿಂಬಿಗೆ ಒರಗಿ ಕುಳಿತಿದ್ದಳು. ಮೇಸ್ತ್ರಿ ನೆಲದ ಮೇಲೆ ಯಂತ್ರವನ್ನು ಬಿಚ್ಚಿಕೊಂಡು, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಕುಳಿತಿದ್ದ. ಮೋಟಾರು ಸುಟ್ಟಿರಲಿಲ್ಲ. ಕಾವೇರಿದಾಗ ತಾನಾಗಿ ಕರೆಂಟು ಕಡಿಯುವ ಪುಟ್ಟ ಬಿಲ್ಲೆ ತನ್ನ ಕೆಲಸ ಮಾಡಿತ್ತು. ಮೈ ತಣಿದ ಮೇಲೆ ಯಂತ್ರ ಮತ್ತೆ ಗುಂಯ್ ಎಂದಿತು.

ವೈದ್ಯರು ಬಂದು ನೋಡಿ, ಅಪಾಯವಿಲ್ಲವೆಂದು ಹೇಳಿ ಹೋದರು. ಹೆಂಡತಿ ಚಹಾ ಮಾಡಲು ಕೆಳಗಿಳಿದಳು. ಆಗ ಮೇಸ್ತ್ರಿ ತಲೆ ತಗ್ಗಿಸಿಯೇ ಹೇಳಿದ: "ಅಕ್ಕಾ, ಆ ಪೆಟ್ಟಿಗೆ ನಿನ್ನ ನಿದ್ದೆಗೆ ಅಂತ ಮಾಡಿದ್ದಲ್ಲ. ನನ್ನ ಹಾಡಿಗೆ ಅಂತ ಮಾಡಿದ್ದು."

"ಗೊತ್ತು."

"ಗೊತ್ತಾ?"

"ಮೂವತ್ತೊಂದು ವರ್ಷ ಇನ್ನೂರು ಯಂತ್ರಗಳ ನಡುವೆ ನಿಂತವಳು ಕಣೋ ನಾನು. ನಂಗೆ ಸದ್ದಿದ್ರೇನೇ ನಿದ್ದೆ. ನೀನು ಆ ಮನೆ ಕಟ್ಟಿದ ಮೇಲೇ ನಿದ್ದೆ ಕೆಟ್ಟಿದ್ದು."

"ಮತ್ತೆ ಹೇಳೋದಲ್ವಾ!"

"ಹೇಗೆ ಹೇಳ್ಲಿ? ಕೀಲು ಹಾಕಿ, ಪಾಲಿಶ್ ಹಾಕಿ, ಮದುಮಗಳ ಪೆಟ್ಟಿಗೆ ಥರ ಹೊತ್ಕೊಂಡು ಬಂದಿದ್ದೆ." ಅಕ್ಕ ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡಳು. "ಅಲ್ವೋ, ಮೋಟಾರಿಗೂ ಮೂಗಿದೆ ಅಂತ ಊರಿಗೆಲ್ಲ ಬೈತೀಯಂತೆ. ನಂಗೂ ಒಂದಿದೆ ಅನ್ನೋದನ್ನ ಮರೆತ್ಯಾ?"

ಮೇಸ್ತ್ರಿ ಅತ್ತುಬಿಟ್ಟ. ಆತ ಅಳುವುದನ್ನು ಅಕ್ಕ ನೋಡಿ ಐವತ್ತು ವರ್ಷಗಳೇ ಆಗಿದ್ದವು. ಅವಳು ಕೈ ಚಾಚಿ ಆತನ ತಲೆಯ ಮೇಲಿಟ್ಟಳು.

"ಸಾಕು ಬಿಡೋ, ಬದುಕಿದ್ದೀನಲ್ಲ. ಅದ್ಯಾವ ಹಾಡು ಅಂತ ಹೇಳು. ನನ್ನನ್ನ ಸಾಯ್ಸೋಕೆ ಹೊರಟ ಹಾಡು ಅಂದ್ರೆ ಏನೋ ವಿಶೇಷ ಇರ್ಬೇಕು. ನಂಗೆ ಒಂದು ದಿನಾನೂ ಕೇಳಿಸ್ಲಿಲ್ಲವಲ್ಲ ನೀನು."

ಅದು ನಿಜವಾಗಿತ್ತು. ಅಕ್ಕನಿಗೆ ಮೆಟ್ಟಿಲಿಳಿಯಲು ಆಗದಿದ್ದರೆ ಹಾಡಾದರೂ ಮೆಟ್ಟಿಲು ಹತ್ತಬಹುದು ಎಂದು ಮೇಸ್ತ್ರಿ ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಮರುವಾರ ಆತ ಮೆಟ್ಟಿಲ ಪಕ್ಕದ ಗೋಡೆಗುಂಟ ಒಂದು ತೆಳ್ಳನೆಯ ಕೇಬಲ್ ಎಳೆದ. ಮೂಕ ಕಂಪ್ಯೂಟರು ಕೆಳಗೇ ಉಳಿಯಿತು. ಅದರ ಹೊಟ್ಟೆಯಿಂದ ಹಾಡುಗಳನ್ನು ಸೆಳೆದುಕೊಂಡು ನುಡಿಸುವ ಸಾಬೂನು ಡಬ್ಬಿಯಷ್ಟು ದೊಡ್ಡ ಸ್ಟ್ರೀಮರ್ ಒಂದನ್ನು ತಂದು ಅಕ್ಕನ ಮಂಚದ ಬಳಿ ಇಟ್ಟ. ಸ್ಪೀಕರುಗಳನ್ನು ಮಾತ್ರ ಹೊಸದಾಗಿ ತರಲಿಲ್ಲ. ಕೆಳಗಿನ ಕೋಣೆಯಲ್ಲಿ ಅಳತೆಪಟ್ಟಿ ಹಿಡಿದು, ಬೆರಳಗಲ ಕೂಡ ತಪ್ಪದಂತೆ ನಿಲ್ಲಿಸಿದ್ದ ಆ ಜೋಡಿ ಸ್ಪೀಕರುಗಳನ್ನೇ ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಮಹಡಿಗೆ ತಂದ. ತನ್ನ ಕುರ್ಚಿಯನ್ನೂ ತಂದ.

"ಸಂಸಾರಾನೇ ಮೇಲಕ್ಕೆ ಹೋಯ್ತು. ಇನ್ನು ಕೆಳಗೆ ನಾನೂ ಪಾತ್ರೆಗಳೂ" ಎಂದು ಹೆಂಡತಿ ನಕ್ಕಳು. ನಕ್ಕು, ತಾನೂ ಒಂದು ಚಾಪೆ ತಂದು ಹಾಕಿಕೊಂಡಳು.

ಹೊದಿಕೆಯಿಲ್ಲದ ಯಂತ್ರ ಮೂರು ಮಾರು ದೂರದಲ್ಲಿ ಗುಂಯ್ ಎನ್ನುತ್ತಿತ್ತು. ಮೇಸ್ತ್ರಿ ಕೊಳಲು ಹಾಕಿದ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿದಳು.

"ಚೆನ್ನಾಗಿದೆ ಕಣೋ. ಆದ್ರೆ ನನ್ನ ಮಷಿನ್ ಜೊತೆ ಜಗಳ ಆಡ್ತಿದೆ. ಇವನೊಂದು ಶ್ರುತಿ, ಅದೊಂದು ಶ್ರುತಿ."

ಮೇಸ್ತ್ರಿ ಕಿವಿಗೊಟ್ಟ. ಅಕ್ಕ ಹೇಳಿದ್ದು ಸರಿ. ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲೆದರೆ ಮೋಟಾರು ನೂರು ಸಲ ಗುನುಗುತ್ತದೆ. ಅದಕ್ಕೆ ಅದರದೇ ಒಂದು ಶ್ರುತಿಯುಂಟು, ಅದು ಯಾರ ಮಾತಿಗೂ ಬಗ್ಗುವುದಿಲ್ಲ. ಕೊಳಲಿನವನ ಶ್ರುತಿ ಅದಕ್ಕಿಂತ ಅರ್ಧ ಸ್ವರ ಕೆಳಗಿತ್ತು. ಎರಡೂ ಒಂದನ್ನೊಂದು ಉಜ್ಜುತ್ತಿದ್ದವು.

"ಬೇರೆ ಹಾಡು ಹಾಕ್ಲಾ ಅಕ್ಕ? ಮಷಿನ್‌ಗೆ ಹೊಂದೋದು ಒಂದಿಪ್ಪತ್ತು ಇರ್ಬಹುದು."

"ನಂಗೆ ಇದೇ ಬೇಕು. ಇದನ್ನೇ ಸ್ವಲ್ಪ ಮೇಲಕ್ಕೆ ಎತ್ತೋಕೆ ಬರಲ್ವಾ, ಅಷ್ಟು ದೊಡ್ಡ ಕಂಪ್ಯೂಟರಿಗೆ?"

ಬರುತ್ತದೆ. ಬರುವ ಆ ಸೌಲಭ್ಯವನ್ನು ಆತ ಹುಡುಕಿ ಹುಡುಕಿ ಮುಚ್ಚಿದ್ದ. ಹಾಡಿನ ಶ್ರುತಿ ಎತ್ತುವುದೆಂದರೆ ಒಂದೆರಡು ಅಂಕಿಯಲ್ಲ, ಇದ್ದಬದ್ದ ಅಂಕಿಗಳನ್ನೆಲ್ಲ ಕಲಸಿ ಹೊಸದಾಗಿ ಬರೆಯುವುದು. ಮೇಸ್ತ್ರಿ ಚಾಪೆಯ ಮೇಲಿನ ಹೆಂಡತಿಯ ಮುಖ ನೋಡಿದ. ಆಕೆ ಸೆರಗಿನ ಅಂಚನ್ನು ನೋಡುತ್ತಿದ್ದಳು. ಆತ ಎದ್ದು ಕೆಳಗಿಳಿದು ಹೋದ.

ಹತ್ತು ನಿಮಿಷದ ಅನಂತರ ಮೇಲೆ ಬಂದು ಮತ್ತೆ ಕೊಳಲು ಹಾಕಿದ. ಹಾಡು ಅರ್ಧ ಸ್ವರ ಮೇಲೆದ್ದು ಬಂದು, ಯಂತ್ರದ ಗುಂಯ್ ಮೇಲೆ ಮೆಲ್ಲಗೆ ಕುಳಿತಿತು. ಯಂತ್ರ ಶ್ರುತಿ ಹಿಡಿದಂತೆ, ಕೊಳಲು ಅದನ್ನು ನಂಬಿ ನಡೆದಂತೆ ಕೇಳಿಸಿತು. ನುಡಿಸುವವನ ಉಸಿರಿನ ಸದ್ದು ಸ್ವಲ್ಪ ಮಸುಕಾಗಿತ್ತು. ಬೆರಳಿನ ಸದ್ದು ಕೇಳಿಸಲೇ ಇಲ್ಲ.

"ಒಂದು ಅಂಕಿನೂ ಆಚೀಚೆ ಆಗ್ಬಾರ್ದು ಅಂತಿದ್ರಿ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಸುಮ್ನಿರೇ, ಹಾಡು ನಡೀತಿದೆ."

ಫುಸ್ಸ್ ಎಂದಿತು ಯಂತ್ರ. ಅಕ್ಕ ಕಣ್ಣು ಮುಚ್ಚಿಕೊಂಡೇ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಒಂದು ಪೆಟ್ಟು ಹಾಕಿದಳು. ಮತ್ತೆ ಹತ್ತು ಸೆಕೆಂಡು. ಮೇಸ್ತ್ರಿ ಕೊಳಲನ್ನು ಕೇಳುತ್ತಲೇ ಅದಕ್ಕಾಗಿ ಕಾದ. ಫುಸ್ಸ್. ಅಕ್ಕನ ಬೆರಳು ಬಿತ್ತು. ಆತ ಕುರ್ಚಿಗೆ ಬೆನ್ನು ಕೊಟ್ಟು, ಅಂದು ಮೊದಲ ಬಾರಿಗೆ, ಕಾಲು ಚಾಚಿದ.